ಕಾಲರಿಗೆ ಎರಡು ಬೆರಳು

ಜಿಲ್ಲಾ ಕಚೇರಿಯ ಹುಡುಗ ಕಾಗದ ಕೊಟ್ಟು
ಕತ್ತರಿಯ ಬದಿಯಲ್ಲೇ ಕೂತ.
‘ಮೇಜರ್ ಜನರಲ್ ಯೂನಿಫಾರ್ಮ್ ಒಂದು.
ಹದಿನಾಲ್ಕರ ಸಂಜೆಯೊಳಗೆ.’
ಹಂಪನಕಟ್ಟೆಯ ಈ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ
ನಲವತ್ತೊಂದು ವರ್ಷ ಖಾಕಿ ಹೊಲಿದವ ನಾನು:
ಹೋಂಗಾರ್ಡು, ಎನ್‌ಸಿಸಿ, ಪೊಲೀಸ್ ಬ್ಯಾಂಡು.
ಜನರಲ್ ಮಾತ್ರ ಈ ಬಾಗಿಲಿಗೆ ಬಂದದ್ದಿಲ್ಲ.
‘ಅಳತೆಗೆ ಯಾವಾಗ ಬರ್ತಾರೆ?’
ಹುಡುಗ ನಕ್ಕ. ‘ಅವರನ್ನು ಗಲ್ಲಿಗೆ ಹಾಕಿ
ನೂರ ಎಂಬತ್ತು ಮಳೆಗಾಲ ಆಯ್ತು, ಪೊರ್ಬುಗಳೇ.’

ಕಾಂತು ಬೈದ್ಯ. ಮೂರ್ತೆ ಮಾಡುತ್ತಿದ್ದವ.
ತಾಳೆಮರದ ತುದಿಯಿಂದ ಕುಂಪಣಿಯ ದೋಣಿ ಕಂಡವ,
ಉಪ್ಪಿನ ಕೊಠಿ ಒಡೆದು ಊರಿಗೆ ಹಂಚಿದವ.
ಈಗ ಅವನ ಹೆಸರಿಗೊಂದು ಕಾಯಿದೆ.
ಒಂದನೇ ಕಲಮು ಹೆಸರು,
ಎರಡನೆಯದು ಹುದ್ದೆ, ಸತ್ತ ದಿನದಿಂದಲೇ ಜಾರಿ.
ಮೂರನೆಯದನ್ನು ಹುಡುಗ ಗಟ್ಟಿಯಾಗಿ ಓದಿದ:
‘ಸದರಿ ಪದವಿಯ ಕಾರಣದಿಂದ ಸಂಬಳ, ಪಿಂಚಣಿ, ಭತ್ಯೆ
ಯಾರಿಗೂ ಬಾಕಿ ಬರತಕ್ಕದ್ದಲ್ಲ.’
ತಕ್ಕದ್ದಲ್ಲ ಅನ್ನುವಲ್ಲಿ ನನ್ನ ಮೆಷಿನಿನ ಸೂಜಿ ಮುರಿಯಿತು.
ಸುಮ್ಮನೆ ಹೇಳುವುದಲ್ಲ, ನಿಜಕ್ಕೂ ಮುರಿಯಿತು.

ಪಟ ಇಲ್ಲ. ಮೂರ್ತಿ ಇನ್ನೂ ಟೆಂಡರಿನಲ್ಲಿ.
ಅಷ್ಟರವರೆಗೆ ಗಾಜಿನ ಪೆಟ್ಟಿಗೆಯಲ್ಲಿ
ಬರೀ ಅಂಗಿಯನ್ನೇ ನಿಲ್ಲಿಸುವುದಂತೆ.
ಲೋಲಾಕ್ಷಿ ಬಂದಳು, ಅವನ ತಂಗಿಯ ಬಳಿಯಿಂದ ಏಳನೇ ತಲೆ,
ಕುಡುಪಿನಲ್ಲಿ ಬೀಡಿಯ ಮೊರ ಬದಿಗಿಟ್ಟು, ಬಸ್ಸು ಹಿಡಿದು.
‘ನಮ್ಮ ಗಂಡಸರೆಲ್ಲ ಗಿಡ್ಡ. ಹೆಗಲು ಅಗಲ,
ಮರ ಹತ್ತಿ ಹತ್ತಿ.
ಅಂಗಿಯಾ? ಅವರು ಅಂಗಿ ಹಾಕಿದವರೇ ಅಲ್ಲ ಮಾರಾಯ್ರೆ.
ಸೊಂಟಕ್ಕೆ ಬೈರಾಸು, ತಲೆಗೆ ಮುಟ್ಟಾಳೆ. ಅಷ್ಟೆ.’

ಮಾರನೆ ದಿನ ಹಳೆ ಜೈಲಿನ ದಫ್ತರದ ನಕಲು ಬಂತು.
ಇಡೀ ಸರಕಾರದ ಬಳಿ ಅವನ ಅಳತೆ ಇದೊಂದೇ:
ಎತ್ತರ ಐದಡಿ ಎರಡಿಂಚು.
ಎಡ ಮೊಣಕಾಲಲ್ಲಿ ಗಾಯದ ಕಲೆ.
ತೆಂಗಿನ ನಾರಿನ ಹಗ್ಗ, ನಾಲ್ಕು ಮಾರು, ಎರಡಾಣೆ.
ಕೆಳಗೆ ಒಬ್ಬ ಕ್ಯಾಪ್ಟನನ ರುಜು, ಶಾಯಿ ಹಬ್ಬಿದ್ದು.

ಬರೀ ಕ್ಯಾಪ್ಟನ್! ನಾನು ಬೆರಳಲ್ಲಿ ಎಣಿಸಿದೆ:
ಮೇಜರು, ಲೆಫ್ಟಿನೆಂಟ್ ಕರ್ನಲು, ಕರ್ನಲು, ಬ್ರಿಗೇಡಿಯರು.
ಐದು ಮೆಟ್ಟಿಲು ಕೆಳಗಿನವ.
ಎಲ್ಲೋ ಒಂದು ಕಲ್ಲಿನ ಅಡಿಯಿಂದ ಎದ್ದು
ಅವನೀಗ ಸೆಲ್ಯೂಟ್ ಹೊಡೆಯಬೇಕು, ಕಾನೂನು ಪ್ರಕಾರ.
ಇದಕ್ಕೆ ಲೋಲಾಕ್ಷಿ ನಗಲಿಲ್ಲ.
‘ಗುಡ್ಡೆಯ ಕಟ್ಟೆಯಲ್ಲಿ ವರ್ಷಕ್ಕೊಮ್ಮೆ ಅವರಿಗೆ
ಒಂದು ಎಳನೀರು, ಒಂದು ಕುಡ್ತೆ ಕಳ್ಳು ಇಡ್ತೇವೆ.
ಯಾವ ಹುದ್ದೆ ಅಂತ ಈವರೆಗೆ ಕೇಳಿದವರಿಲ್ಲ.
ಇನ್ನು ಜನರಲ್‌ಗೆ ಕಳ್ಳು ಇಡಬಹುದಾ? ಕೇಳಿ ಹೇಳಿ.’
ಹುಡುಗ ಕಾಗದ ಮಗುಚಿ ನೋಡಿದ.
ಅದಕ್ಕೆ ಕಲಮು ಇರಲಿಲ್ಲ.

ಹದಿಮೂರರ ರಾತ್ರಿ. ಕರೆಂಟು ಹೋಗಿ, ಬಂದು, ಹೋಗಿ.
ಹೆಗಲಿಗೆ ಖಡ್ಗ, ಅಡ್ಡಕ್ಕೆ ದಂಡ, ಮೇಲೊಂದು ನಕ್ಷತ್ರ.
ಪ್ಯಾಂಟಿನ ಎಡಗಾಲಿಗೆ, ಮೊಣಕಾಲು ಬರುವ ಕಡೆ,
ಒಳಗಿಂದ ಮೆತ್ತನೆ ಹತ್ತಿಯ ತುಂಡೊಂದು ಕೊಟ್ಟೆ,
ಕಲೆಗೆ ದಪ್ಪ ಬಟ್ಟೆ ಉಜ್ಜಬಾರದು ಅಂತ.
ಹುಚ್ಚು, ಗೊತ್ತುಂಟು.
ಕಾಲರಿಗೆ ಬಂದಾಗ ಕೈ ನಿಂತಿತು.
ದಫ್ತರದಲ್ಲಿ ಹಗ್ಗದ ಉದ್ದ ಉಂಟು,
ಕುತ್ತಿಗೆಯ ಸುತ್ತಳತೆ ಇಲ್ಲ.
ಸೀಮೆಸುಣ್ಣ ಹಿಡಿದು ತುಂಬ ಹೊತ್ತು ಕೂತೆ.
ದಕ್ಕೆಯ ಕಡೆಯಿಂದ ಬೋಟಿನ ಸದ್ದು ಕೇಳಿತು.

ಹದಿನಾಲ್ಕಕ್ಕೆ ನಿವೃತ್ತ ಸುಬೇದಾರರೊಬ್ಬರು ಪರೀಕ್ಷೆಗೆ ಬಂದರು.
ಗುಂಡಿ ಸರಿ. ತೋಳು ಸರಿ. ಮಡಿಕೆ ಸರಿ.
‘ಕಾಲರು ಸಡಿಲ ಆಯ್ತಲ್ಲ, ಎರಡು ಬೆರಳು ಹೋಗ್ತದೆ.
ಫೌಜಿನ ಕಾಲರು ಕುತ್ತಿಗೆಯನ್ನು ಹಿಡಿದು ನಿಲ್ಲಬೇಕು.’
ಹೌದು ಸರ್, ಅಂದೆ.
ಬಿಗಿ ಮಾಡಲಿಲ್ಲ.
ನನ್ನ ಬಿಲ್ಲೂ ಇನ್ನೂ ಪಾಸಾಗಿಲ್ಲ.